ಬ್ಯಾಲೆನ್ಸಿಂಗ್ ಆಫೀಸರ್ ಓಬುಳಪತಿ ಇನ್ನಿಲ್ಲ

ಹಿಂದೂಪುರದ ಜುಯ್ಯ್ ಸೈಕಲ್ ಕಂಪನಿಯಲ್ಲಿ ಓಬುಳಪತಿಗೆ ಸಿಕ್ಕಿದ್ದ ಹುದ್ದೆಯ ಹೆಸರು ಬ್ಯಾಲೆನ್ಸಿಂಗ್ ಆಫೀಸರ್. ಕೆಲಸ ಮಾತ್ರ ಸೈಕಲ್ ತಳ್ಳುವುದು. ಹೆಸರಿಗೂ ಕೆಲಸಕ್ಕೂ ನಡುವೆ ಇದ್ದ ದೂರವನ್ನು ಕಂಪನಿಯವರು ಅವನ ಕೊರಳಿಗೆ ಒಂದು ಕಾರ್ಡು ನೇತುಹಾಕಿ ಮುಚ್ಚಿದ್ದರು. ಕಾರ್ಡಿನಲ್ಲಿ ಅವನ ಫೋಟೋ ಇತ್ತು. ಮದುವೆಗೆ ತೆಗೆಸಿದ ಫೋಟೋ ಆದ್ದರಿಂದ ಅದರಲ್ಲಿ ಅವನು ನಗುತ್ತಿದ್ದ.

ಊರಿನ ತುಂಬ ಹಸಿರು ಸೈಕಲ್ಲು ಬಿಟ್ಟಿದ್ದರು. ಅವಕ್ಕೆ ಸ್ಟ್ಯಾಂಡಿಲ್ಲ, ಕಾಯುವವರಿಲ್ಲ. ಫೋನ್ ಹಿಡಿದು ಸ್ಕ್ಯಾನ್ ಮಾಡಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಬೇಕಾದ ಕಡೆ ಹೋಗಿ, ಬೇಕಾದ ಕಡೆ ಬಿಟ್ಟು, ಬೀಗ ಒತ್ತಿ ನಡೆದರೆ ಆಯಿತು. ಬೇಕಾದ ಕಡೆ ಬಿಡಿ ಎಂದರೆ ಜನ ಊರಿನ ತುಂಬ ಹರಡಿದಂತೆ ಬಿಡುತ್ತಾರೆ ಎಂದು ಕಂಪನಿಯವರು ನಂಬಿದ್ದರು. ಜನ ಎಲ್ಲರೂ ಸೇರಿ ಒಂದೇ ಕಡೆ ಬಿಟ್ಟರು.

ಕಾರಣ ಬಹಳ ಸರಳ. ಪೆನುಕೊಂಡದ ಕಡೆಯಿಂದ, ಮಡಕಶಿರಾ ಕಡೆಯಿಂದ ಬೆಳಗಿನ ಬಸ್ಸುಗಳಲ್ಲಿ ಬಂದಿಳಿಯುವ ಗಾರ್ಮೆಂಟ್ಸ್ ಹೆಂಗಸರು ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಹತ್ತಿ ಪರಿಗಿ ರೋಡಿನ ಫ್ಯಾಕ್ಟರಿಗೆ ಹೋಗುತ್ತಿದ್ದರು. ಸಾಯಂಕಾಲ ಫ್ಯಾಕ್ಟರಿಯ ಬಸ್ಸೇ ಅವರನ್ನು ಬಸ್‌ಸ್ಟ್ಯಾಂಡಿಗೆ ತಂದು ಬಿಡುತ್ತಿತ್ತು. ಸೈಕಲ್ಲಿಗೆ ಹೋಗುವ ದಾರಿ ಇತ್ತು, ಬರುವ ದಾರಿ ಇರಲಿಲ್ಲ. ಬಿಸಿಲೇರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದರೂ ಒಂದು ಸೈಕಲ್ ಇಲ್ಲ. ಫ್ಯಾಕ್ಟರಿ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿಂದ ಇಲ್ಲಿಗೆ ತಳ್ಳುಬಂಡಿಯ ಮೇಲೆ ಹೇರಿಕೊಂಡು ಬಂದು ಲೋಕವನ್ನು ಸಮ ಮಾಡುವ ಹೊಣೆ ಓಬುಳಪತಿಯದು. ಅವನು ಸಮ ಮಾಡಿದ್ದನ್ನು ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಲೋಕ ಮತ್ತೆ ಹಳೆಯ ಸ್ಥಿತಿಗೆ ತರುತ್ತಿತ್ತು.

ಅವನ ಬಾಡಿಗೆ ಮನೆ ಆ ಫ್ಯಾಕ್ಟರಿ ಬೀದಿಯಲ್ಲೇ ಇತ್ತು. ಒಂದು ದಿನ ಅವನಿಗೆ ಒಂದು ಯೋಚನೆ ಬಂತು. ಅನಂತಪುರದಲ್ಲಿ ಕೂತು ಫೋನಿನಲ್ಲೇ ಎಲ್ಲವನ್ನೂ ನಡೆಸುತ್ತಿದ್ದ ಮ್ಯಾನೇಜರ್ ಚಂದ್ರಮೋಹನ್‌ಗೆ ಹೇಳಿ, ತನ್ನ ಮನೆಯ ಮುಂದಿನ ಜಾಗವನ್ನೇ ‘ಹಬ್’ ಮಾಡಿಸಿಕೊಂಡ. ಸೈಕಲ್ಲುಗಳೆಲ್ಲ ಒಂದು ಕಡೆ ಸೇರಿದರೆ ಹೇರಲು ಸುಲಭ ಎಂದು ಚಂದ್ರಮೋಹನ್‌ಗೆ ಹೇಳಿದ್ದ. ನಿಜವಾದ ಕಾರಣವೆಂದರೆ, ಹಬ್ ಆದರೆ ಬೋರ್ಡು ಬರುತ್ತದೆ, ಬೋರ್ಡಿನ ಮೇಲೆ ಹೆಸರು ಬರುತ್ತದೆ. ಎರಡೂ ಬಂದವು. ಜೊತೆಗೆ, ಹಬ್ಬಿನಲ್ಲಿ ಸೈಕಲ್ ಬಿಟ್ಟವರಿಗೆ ಮುಂದಿನ ಸವಾರಿಗೆ ರಿಯಾಯಿತಿ ಎಂದು ಕಂಪನಿಯವರು ಸಾರಿದರು. ಆಮೇಲೆ ಆ ಬೀದಿಗೆ ಏನೂ ಕೆಲಸವಿಲ್ಲದವರೂ ಬಂದು ಸೈಕಲ್ ಬಿಟ್ಟು ನಡೆದುಕೊಂಡು ವಾಪಸ್ ಹೋಗತೊಡಗಿದರು. ಹುಣಸೇಹಣ್ಣಿನ ಮಂಡಿಯವರು ಬಂದರು, ಕಾಲೇಜಿನವರು ಬಂದರು. ಮನೆಯ ಒಡತಿ ಬನಶಂಕರಮ್ಮನಿಗೆ ತನ್ನ ಮನೆಯ ಮುಂದೆ ರಂಗೋಲಿ ಹಾಕಲು ಜಾಗವಿಲ್ಲದಂತಾಯಿತು. ಆಟೋ ಓಡಿಸುವ ಪೋತಪ್ಪನಿಗೆ ಬೀದಿಯೊಳಗೆ ಆಟೋ ತರಲು ದಾರಿಯಿಲ್ಲದಂತಾಯಿತು. ಸೈಕಲ್ ಬಂದ ಮೇಲೆ ಅವನ ಆಟೋ ಹತ್ತುವವರೂ ಕಮ್ಮಿಯಾಗಿದ್ದರು. ಅವನು ದಿನಾ ಬೆಳಿಗ್ಗೆ ಬೀದಿಯ ಕೊನೆಯಲ್ಲಿ ಆಟೋ ನಿಲ್ಲಿಸಿ, ಓಬುಳಪತಿಯ ವಂಶವನ್ನು ಮೂರು ತಲೆಮಾರಿನವರೆಗೆ ನೆನೆದು, ಆಮೇಲೆಯೇ ಬಾಡಿಗೆಗೆ ಹೊರಡುತ್ತಿದ್ದ.

ಇದು ಹಿಂದೂಪುರದ ಸಂಗತಿ. ಕಲ್ಯಾಣದುರ್ಗದ ಸಂಗತಿ ಬೇರೆ.

ಕಲ್ಯಾಣದುರ್ಗದಲ್ಲಿ ಅವನ ಮಾವ ಓಬಣ್ಣ ಇದ್ದರು. ಅಳಿಯನಿಗೆ ಕೆಲಸ ಸಿಕ್ಕ ಹೊಸತರಲ್ಲಿ ಅವರು ಕೂರಿಸಿಕೊಂಡು ಕೇಳಿದ್ದರು.

“ಬ್ಯಾಲೆನ್ಸ್ ಆಫೀಸರ್ ಅಂದ್ರೆ ಬ್ಯಾಂಕಿನ ತರಾನೇನಪ್ಪ?”

“ಅದೇ ತರ ಅನ್ಕಳಿ ಮಾವ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸರಿಮಾಡೋದು.”

“ಕೈಕೆಳಗೆ ಜನ ಅವ್ರಾ?”

“ಕೈಕೆಳಗೆ ಬೇಜಾನ್ ಐತೆ ಮಾವ.”

“ಓಡಾಡಕ್ಕೆ?”

“ಎಲ್ಲಾ ಗಾಲಿ ಮೇಲೇನೆ.”

ಓಬುಳಪತಿ ಒಂದೂ ಸುಳ್ಳು ಹೇಳಿರಲಿಲ್ಲ. ಓಬಣ್ಣನವರು ಹೊರಗೆ ಹೋಗಿ ಬೀದಿಯವರಿಗೆ ಬ್ಯಾಂಕು, ಜವಾನರು, ಜೀಪು ಎಂದು ಹೇಳಿದಾಗ ಅವನು ತಿದ್ದಲಿಲ್ಲ, ಅಷ್ಟೆ.

ತಿಂಗಳೆರಡು ಕಳೆದ ಮೇಲೆ ಹೆಂಡತಿ ನಾಗರತ್ನ ಸಂಸಾರ ಹೂಡಲು ಹಿಂದೂಪುರಕ್ಕೆ ಬಂದಳು. ಬಸ್ಸಿಳಿದ ಕೂಡಲೇ ಅವಳಿಗೆ ಕಂಡದ್ದು, ಉರಿಬಿಸಿಲಿನಲ್ಲಿ ಸೈಕಲ್ ಹೇರಿದ ತಳ್ಳುಬಂಡಿಗೆ ಎದೆಕೊಟ್ಟು ತಳ್ಳುತ್ತಿದ್ದ ಗಂಡ. ಬಂಡಿಯ ಹಿಂದೆ ಕೈಕೊಟ್ಟು ತಾನೂ ಸ್ವಲ್ಪ ದೂರ ತಳ್ಳಿದಳು. ಆಮೇಲೆ ಅಮ್ಮನಿಗೆ ಮಂಡಿನೋವೆಂದು ಊರಿಗೆ ಹೋದವಳು ಮತ್ತೆ ಬರಲಿಲ್ಲ. ಫೋನಿನಲ್ಲಿ ಒಮ್ಮೆ ಹೇಳಿದಳು:

“ನೀನು ಒಂದ್ ಸಲ ಹೇಳಿ ಅಲ್ಲಿ ಕುಂತ್ಕಂಡೆ. ಇಲ್ಲಿ ನಾನು ದಿನಾ ಹೇಳ್ಬೇಕು. ನಲ್ಲಿ ತಾವ ಹೋದ್ರೆ ನಿನ್ ಜೀಪು, ಗಿರಣಿಗೆ ಹೋದ್ರೆ ನಿನ್ ಜವಾನ. ಒಂದಿನ ಬಂದು ಅಪ್ಪಂಗೆ ನಿಜ ಹೇಳ್ಬುಡು. ಹೇಳಿದ್ ದಿನಾನೇ ನಿನ್ ಜತೆ ಬತ್ತೀನಿ.”

“ಹೇಳ್ತೀನಿ,” ಎಂದ ಓಬುಳಪತಿ. ಆ ಮಾತನ್ನು ಮಾತ್ರ ಅವನು ತಪ್ಪದೆ ಪ್ರತಿ ವಾರ ಹೇಳುತ್ತಿದ್ದ.

ಹೀಗಿರುವಾಗ ಒಂದು ಸಾಯಂಕಾಲ ಬಿಸಿಲಿಗೆ ಜ್ವರ ಹತ್ತಿಸಿಕೊಂಡು ಮನೆಗೆ ಬಂದವನು, ಮುಖ ತೊಳೆಯಲು ಡ್ರಮ್ಮಿಗೆ ಬಗ್ಗಿದ. ಜೇಬಿನಲ್ಲಿದ್ದ ಫೋನು ಅವನಿಗಿಂತ ಮೊದಲೇ ನೀರಿಗಿಳಿಯಿತು. ಅದನ್ನು ತೆಗೆದು, ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟ. ಮೆಡಿಕಲ್ ಶಾಪಿನವನು ಕೊಟ್ಟಿದ್ದ ಮಾತ್ರೆ ನುಂಗಿ, ಚಿಲಕ ಹಾಕಿ ಮಲಗಿದ.

ಹಬ್ಬಿನ ಅಧಿಕಾರಿಯ ಫೋನು ಸುಮ್ಮನಾದರೆ ಅದನ್ನು ಊರಿನ ಸವಾರರಿಗೆಲ್ಲ ತಿಳಿಸುವ ಏರ್ಪಾಟು ಕಂಪನಿಯ ಆಪ್‌ನಲ್ಲಿತ್ತು. ಇಂಗ್ಲಿಷಿನಲ್ಲಿ ಇದ್ದ ವಾಕ್ಯದ ಅರ್ಥ, ಅಧಿಕಾರಿ ಸದ್ಯಕ್ಕೆ ಸಿಗುವುದಿಲ್ಲ ಎಂದು. ಅದನ್ನು ತೆಲುಗಿಗೆ ತಿರುಗಿಸಿದ್ದು ಮನುಷ್ಯನಲ್ಲ, ಯಂತ್ರ. ಯಂತ್ರಕ್ಕೆ ಮರ್ಯಾದೆ ಗೊತ್ತಿತ್ತು, ಲೋಕರೂಢಿ ಗೊತ್ತಿರಲಿಲ್ಲ. ಬೆಳಗಾಗುವಾಗ ಹಿಂದೂಪುರದ ಫೋನುಗಳೆಲ್ಲ ಒಮ್ಮೆ ಗುಂಯ್ ಎಂದು ಈ ಸುದ್ದಿ ತೋರಿಸಿದವು:

“ಹಬ್ ಆಫೀಸರ್ ಓಬುಳಪತಿ ಗಾರು ಇಕ ಲೇರು.”

ಅಂದರೆ, ಓಬುಳಪತಿಯವರು ಇನ್ನಿಲ್ಲ.

ಗಾರ್ಮೆಂಟ್ಸ್ ಹೆಂಗಸರು ಅಂದು ಮಾತಿಲ್ಲದೆ ಸೈಕಲ್ ತುಳಿದರು. ಫ್ಯಾಕ್ಟರಿ ಗೇಟಿನ ಬಳಿ ಸೈಕಲ್ ಬಿಡುತ್ತಿದ್ದವರೂ ಅಂದು ಅವನ ಮನೆಯ ಮುಂದೆಯೇ ತಂದು ಬಿಟ್ಟು, ಚಪ್ಪಲಿ ಕಳಚಿ, ಕೈ ಮುಗಿದು ಷಿಫ್ಟಿಗೆ ಹೋದರು. ಅವರಲ್ಲೊಬ್ಬಳು ಕಲ್ಯಾಣದುರ್ಗದ ದಾರಿಯ ಕಂಬದೂರಿನವಳು. ಅವಳು ಕಂಬದೂರಿಗೆ ಫೋನ್ ಮಾಡಿದಳು. ಕಂಬದೂರಿನವರು ಕಲ್ಯಾಣದುರ್ಗಕ್ಕೆ ಮಾಡಿದರು. ಒಂದು ಮನೆಯ ಮುಂದೆ ಅಷ್ಟು ಸೈಕಲ್ ನಿಂತಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ದಾರಿಯಲ್ಲಿ ಹೋಗುವವರೂ ತಾವಾಗಿಯೇ ದನಿ ತಗ್ಗಿಸಿ ಅಂಗಳಕ್ಕೆ ಬಂದರು.

ಬನಶಂಕರಮ್ಮ ಬಾಗಿಲು ತಟ್ಟಿ ನೋಡಿದಳು. ಒಳಗೆ ಮಾತ್ರೆಯ ನಿದ್ದೆ, ಉತ್ತರವಿಲ್ಲ. ಒಬ್ಬಿಬ್ಬರು ಬಾಗಿಲು ಮುರಿಯೋಣ ಎಂದರು. ಬನಶಂಕರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

“ಮುರೀಬ್ಯಾಡ್ರಪ್ಪ. ಅವನ ಹೆಂಡ್ರು, ಮಾವ ಬರ್ಲಿ. ಹೋದೋನು ಹೋದ, ಕಂಪ್ನಿಯೋರೇ ಬರ್ದವ್ರೆ. ಬಾಗ್ಲು ಈ ಸಂಕ್ರಾಂತಿಗೆ ಹಾಕ್ಸಿದ್ದು.”

ಓಬುಳಪತಿಗೆ ಎಚ್ಚರವಾದದ್ದು ಅಳುವಿನ ಸದ್ದಿಗೆ. ಬೀದಿಯಲ್ಲಿ ಯಾರೋ ಹೋಗಿದ್ದಾರೆ ಎಂದುಕೊಂಡ. ಜ್ವರ ಬಿಟ್ಟಿತ್ತು. ಪಾಪ, ಹೋಗಿ ನೋಡಿ ಬರೋಣವೆಂದು ಅಂಗಿ ತೊಟ್ಟು, ಕೊರಳಿಗೆ ಕಾರ್ಡು ಹಾಕಿಕೊಂಡು ಬಾಗಿಲ ಹತ್ತಿರ ಬಂದ. ಹೊರಗೆ ಪೋತಪ್ಪನ ದನಿ ಕೇಳಿಸಿತು.

“ಬಂಗಾರದಂಥಾ ಮನ್ಸ ಕಣಮ್ಮ ಓಬುಳಪತಿ. ದಿನಾ ಬೈತಿದ್ದೆ ನಾನು. ಒಂದಿನಾನೂ ತಿರುಗಿಸಿ ಮಾತಾಡ್ಲಿಲ್ಲ. ತಲೆ ಬಗ್ಗಿಸ್ಕಂಡು ಬಂಡಿ ತಳ್ತಿದ್ದ. ಅಂಥೋನು ಹೋದ, ನನ್ನಂಥಾ ಪಾಪಿ ಉಳ್ಕಂಡೆ!”

ಓಬುಳಪತಿಯ ಕೈ ಚಿಲಕದ ಮೇಲಿತ್ತು. ಅದು ಅಲ್ಲೇ ನಿಂತಿತು.

ಅವನ ಬಗ್ಗೆ ಯಾರೂ ಯಾವತ್ತೂ ಇಷ್ಟು ಒಳ್ಳೆಯ ಮಾತು ಒಟ್ಟಿಗೆ ಆಡಿರಲಿಲ್ಲ. ಈಗ ಬಾಗಿಲು ತೆಗೆದರೆ ಪೋತಪ್ಪನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮಾತಾಡುವವರನ್ನು ನಡುವೆ ತಡೆಯುವುದು ಸಭ್ಯತೆಯಲ್ಲ. ಪೋತಪ್ಪ ಮುಗಿಸಲಿ ಎಂದು ಓಬುಳಪತಿ ಕಾದ. ಪೋತಪ್ಪ ಮುಗಿಸುವಷ್ಟರಲ್ಲಿ ಬನಶಂಕರಮ್ಮ ಶುರುಮಾಡಿದಳು. ಬಾಡಿಗೆ ಕೇಳಲು ಬಂದಾಗಲೆಲ್ಲ ತನ್ನನ್ನು ಅಕ್ಕಾ ಎನ್ನುತ್ತಿದ್ದನೆಂದೂ, ಒಡಹುಟ್ಟಿದವರೂ ಹಾಗೆ ಕರೆದವರಲ್ಲವೆಂದೂ ಹಾಡಿಕೊಂಡು ಅತ್ತಳು. ಅವಳನ್ನೂ ತಡೆಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಚಂದ್ರಮೋಹನ್‌ನಿಂದ ಬನಶಂಕರಮ್ಮನ ಫೋನಿಗೆ ಕರೆ ಬಂತು. ಪೋತಪ್ಪ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದ. ಮ್ಯಾನೇಜರ್ ಭಾರವಾದ ತೆಲುಗಿನಲ್ಲಿ, ಓಬುಳಪತಿ ಕಂಪನಿಯ ಬೆನ್ನೆಲುಬಾಗಿದ್ದನೆಂದು ಹೇಳಿ, ಅವನನ್ನು ಇಂದಿನಿಂದಲೇ ಜಾರಿಗೆ ಬರುವಂತೆ ಸೀನಿಯರ್ ಬ್ಯಾಲೆನ್ಸಿಂಗ್ ಆಫೀಸರ್ ಮಾಡಿರುವುದಾಗಿ ಸಾರಿದ. ಬದುಕಿದ್ದಾಗ ವರ್ಷವಿಡೀ ಕೇಳಿದರೂ ಕೊಡದ ಬಡ್ತಿ ಅದು. ಬಾಗಿಲ ಹಿಂದೆ ಓಬುಳಪತಿಯ ಕಣ್ಣು ತುಂಬಿ ಬಂತು.

ಆದರೆ ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಮೊದಲ ಮಾತಿಗೇ ಹೊರಬಂದಿದ್ದರೆ ಎಲ್ಲರೂ ನಕ್ಕು ಟೀ ಕುಡಿಯುತ್ತಿದ್ದರು. ಈಗ ಇಷ್ಟು ಜನ ಇಷ್ಟು ಅತ್ತಿದ್ದಾರೆ. ಬಡ್ತಿಯೂ ಆಗಿದೆ. ಯಾವ ಮುಖ ಹೊತ್ತು ಹೊರಗೆ ಹೋಗುವುದು? ತನ್ನ ಸಾವಿನ ಮನೆಗೆ ತಾನೇ ಹೋಗುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಹಿತ್ತಲ ಬಾಗಿಲೂ ಆ ಮನೆಗೆ ಇರಲಿಲ್ಲ. ನೆಲದ ಮೇಲೆ ಕುಕ್ಕರಿಸಿದ. ಹೊತ್ತು ಏರಿತು. ಬಾಯಾರಿತು. ನೀರಿನ ಡ್ರಮ್ಮಿಗೆ ಚೊಂಬು ತಗುಲಿದರೆ ಸದ್ದಾಗುತ್ತದೆಂದು ಬಾಯಾರಿಕೊಂಡೇ ಕೂತ.

ಮಧ್ಯಾಹ್ನ ಬೀದಿಯ ಕೊನೆಯಲ್ಲಿ ಒಂದು ತೂಫಾನ್ ಗಾಡಿ ನಿಂತಿತು. ಕಲ್ಯಾಣದುರ್ಗದವರು ಬಂದಿದ್ದರು. ಅವರನ್ನಿಳಿಸಿದ ಡ್ರೈವರ್, ಪೆನುಕೊಂಡದಲ್ಲಿ ಮದುವೆ ಬಾಡಿಗೆ ಇದೆಯೆಂದು ಗಾಡಿ ತಿರುಗಿಸಿಕೊಂಡು ಹೋದ. ಓಬಣ್ಣನವರು ಸೈಕಲ್ಲುಗಳ ನಡುವೆ ದಾರಿ ಮಾಡಿಕೊಂಡು, ಪಂಚೆ ಸಿಕ್ಕಿಸಿಕೊಂಡು, ಬಿಡಿಸಿಕೊಂಡು ಬಂದರು. ಹಿಂದೆ ಅತ್ತೆ ಶಿವಲಕ್ಷ್ಮಮ್ಮ, ನೆಂಟರು. ಎಲ್ಲರಿಗಿಂತ ಹಿಂದೆ ನಾಗರತ್ನ.

ಓಬಣ್ಣನವರು ಜಗಲಿಗೆ ಬಿದ್ದು ಎದೆ ಬಡಿದುಕೊಂಡರು.

“ಅಯ್ಯೋ ನನ್ನಪ್ಪ! ಆಫೀಸರ್ ಅಳಿಯ! ಕೈಕೆಳಗೆ ಅಷ್ಟ್ ಜನಾನ ಆಳಿದ್ಯಲ್ಲೋ! ನಿನ್ ಜೀಪಿನಾಗೆ ಒಂದ್ ಸಲ ಕೂರ್ತೀನಿ ಅಂದಿದ್ದೆ, ಕೂರಿಸ್ದೇ ಹೋದ್ಯಲ್ಲೋ!”

ಪೋತಪ್ಪ ಅಳು ನಿಲ್ಲಿಸಿ ತಲೆಯೆತ್ತಿದ. “ಯಾವ್ ಜೀಪು ಯಜಮಾನ್ರೇ?”

“ನನ್ ಅಳಿಯಂದು ಕಣಪ್ಪ. ಎಲ್ಲೈತೆ ಅದು? ಜವಾನ್ರೆಲ್ಲಾ ಎಲ್ಲಿ?”

“ನೀವ್ ಬೇರೆ ಯಾರ್ದೋ ಮನೆಗ್ ಬಂದಿರ್ಬೇಕು,” ಎಂದ ಪೋತಪ್ಪ. “ಇದು ಸೈಕಲ್ ತಳ್ಳೋ ಓಬುಳಪತಿ ಮನೆ.”

ಸತ್ತ ಮನುಷ್ಯನ ಮೇಲೆ ಇಂಥ ಮಾತು ಬಿದ್ದದ್ದನ್ನು ಓಬಣ್ಣನವರು ತಾಳಲಿಲ್ಲ. ಎದ್ದು ನಿಂತರು.

“ಏನಂದ್ಯೋ? ಸೈಕಲ್ ತಳ್ಳೋನಾ? ಹೆಣ ಒಳಗಿರುವಾಗ ಬಾಗ್ಲಲ್ಲಿ ನಿಂತು ಹಗುರವಾಗಿ ಮಾತಾಡ್ತೀಯಾ?”

“ಹಗುರವಾಗಿ ಏನಂದೆ? ಬೆಳಗ್ಗಿಂದ ಹೊಗಳ್ತಾ ಇವ್ನಿ. ಒಳ್ಳೇ ಮನ್ಸ, ಸೈಕಲ್ ತಳ್ತಿದ್ದ. ಎರಡೂ ನಿಜ.”

“ಆಫೀಸರ್ ಕಣ್ಲಾ ಅವ್ನು!”

“ಬೋರ್ಡಿನಾಗೆ ಆಫೀಸರ್ರು. ಬೀದಿನಾಗೆ ತಳ್ಳೋನು.”

ಓಬಣ್ಣನವರು ಪೋತಪ್ಪನ ಕೊರಳಪಟ್ಟಿ ಹಿಡಿದರು. ಬನಶಂಕರಮ್ಮ ಇಬ್ಬರ ನಡುವೆ ನುಗ್ಗಿದಳು. ಒಂದು ಸೈಕಲ್ ಉರುಳಿತು. ಅದು ಪಕ್ಕದ್ದನ್ನು ಉರುಳಿಸಿತು, ಅದು ಮತ್ತೊಂದನ್ನು. ಬೀದಿಯ ಉದ್ದಕ್ಕೂ ಸೈಕಲ್ಲುಗಳು ಒಂದರ ಮೇಲೊಂದು ಮಲಗಿಕೊಂಡು ಹೋದವು. ಆ ಸದ್ದು ಮುಗಿದ ಮೇಲೆ ಓಬಣ್ಣನವರು ಪೋತಪ್ಪನನ್ನು ಬಿಟ್ಟು ಮಗಳ ಕಡೆ ತಿರುಗಿದರು. ಅವರ ದನಿ ಈಗ ಸಣ್ಣದಾಗಿತ್ತು.

“ನೀನ್ ಹೇಳಮ್ಮ. ಬಂದು ಇದ್ದೋಳು ನೀನು. ನಿನ್ ಗಂಡ ಆಫೀಸರ್ ತಾನೆ?”

ಓಬುಳಪತಿ ಒಳಗಿಂದ ಬಾಗಿಲಿಗೆ ಕಿವಿ ಹಚ್ಚಿದ. ಈಗ ಹೇಳುತ್ತಾಳೆ, ಹೇಳಲಿ ಎಂದುಕೊಂಡ. ಇಷ್ಟು ದಿನ ಹೊತ್ತದ್ದನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಅವಳಿಗೆ ಸಿಗದು. ಸತ್ತವನಿಗೆ ನಾಚಿಕೆಯೂ ಇರುವುದಿಲ್ಲ.

ನಾಗರತ್ನ ಮುಖವೆತ್ತಿದಳು. ಕಂಬದೂರು ದಾಟುವ ಮೊದಲೇ ಅತ್ತು ಮುಗಿಸಿದ್ದ ಮುಖ. ಪೋತಪ್ಪನನ್ನು ನೋಡಿದಳು, ನೆಂಟರನ್ನು ನೋಡಿದಳು.

“ಹೂ ಕಣಪ್ಪ,” ಎಂದಳು. “ಆಫೀಸರೇ. ಇವ್ರಿಗೆ ಗೊತ್ತಿಲ್ಲ. ಜೀಪು ಆಫೀಸಿನ ತಾವ ಐತೆ.”

ಬಾಗಿಲು ತೆರೆಯಿತು.

ಓಬುಳಪತಿ ಹೊಸ್ತಿಲ ಮೇಲೆ ನಿಂತಿದ್ದ. ತುಟಿ ಒಣಗಿತ್ತು, ಕಣ್ಣು ಕೆಂಪಾಗಿತ್ತು, ಕೊರಳ ಕಾರ್ಡಿನಲ್ಲಿ ಫೋಟೋ ನಗುತ್ತಿತ್ತು.

“ಅಲ್ಲ ಮಾವ,” ಎಂದ. “ತಳ್ಳೋನೇ. ಜೀಪೂ ಇಲ್ಲ, ಜವಾನ್ರೂ ಇಲ್ಲ. ಅವಳು ನನ್ಗೋಸ್ಕರ ಹೇಳ್ತಾ ಅವ್ಳೆ.”

ಬನಶಂಕರಮ್ಮ “ಅಯ್ಯೋ ದೇವುಡಾ!” ಎಂದು ಕುಸಿದು ಕೂತಳು. ಶಿವಲಕ್ಷ್ಮಮ್ಮ ಅಳಿಯನ ಕೈಕಾಲು ಮುಟ್ಟಿ ನೋಡಿ, ಬಿಸಿಯಾಗಿದ್ದರಿಂದ ಸಮಾಧಾನಗೊಂಡು, ಮತ್ತೆ ಮೊದಲಿಂದ ಅಳಲು ಶುರುಮಾಡಿದಳು. ಪೋತಪ್ಪ ಮಾತ್ರ ಬೆರಳು ಚಾಚಿ ಮುಂದೆ ಬಂದ.

“ಒಳಗೇ ಇದ್ಯಾ? ನಾನ್ ಮಾತಾಡಿದ್ದೆಲ್ಲಾ ಕೇಳಿಸ್ಕಂಡ್ಯಾ? ಬಂಗಾರ ಅಂದಿದ್ದು ವಾಪಸ್ ಕಣ್ಲಾ! ಎಲ್ಲಾ ವಾಪಸ್!”

ಓಬಣ್ಣನವರು ಬಹಳ ಹೊತ್ತು ಅಳಿಯನನ್ನೇ ನೋಡಿದರು. ಸಾವಿನ ಮನೆಯಲ್ಲಿ ಸತ್ತವನು ಎದ್ದು ಬಂದರೆ ಸಂತೋಷಪಡಬೇಕೆಂದು ಅವರಿಗೂ ಗೊತ್ತಿತ್ತು. ಆದರೆ ಎದ್ದು ಬಂದವನು ಬೇರೆ ಯಾರೋ ಆಗಿದ್ದ.

“ಬೆಳಗ್ಗೆ ನನ್ಗೆ ಆಫೀಸರ್ ಅಳಿಯ ಸತ್ತೋಗಿದ್ದ,” ಎಂದರು. “ಈಗ ಅವ್ನು ಹುಟ್ಟೇ ಇರ್ಲಿಲ್ಲ ಅಂತೀಯ. ಯಾವ್ದುಕ್ಕಪ್ಪ ನಾನು ಅಳ್ಬೇಕು?”

ಅವರು ಹೆಗಲ ಟವೆಲ್ ಕೊಡವಿ, “ನಡೀರಿ,” ಎಂದರು.

ಆದರೆ ಹೋಗುವುದು ಹೇಗೆ? ತೂಫಾನ್ ಹೋಗಿತ್ತು. ಬಿದ್ದ ಸೈಕಲ್ಲುಗಳು ಬೀದಿಯನ್ನು ಮುಚ್ಚಿದ್ದರಿಂದ ಆಟೋ ಒಳಗೆ ಬರುವ ಹಾಗಿಲ್ಲ. ಕಲ್ಯಾಣದುರ್ಗದ ಬಸ್ಸಿಗೆ ಹೊತ್ತಾಗುತ್ತಿತ್ತು. ಓಬುಳಪತಿ ಕೊರಳ ಕಾರ್ಡು ತೆಗೆದು ಒಂದೊಂದು ಸೈಕಲ್ಲಿನ ಬೀಗಕ್ಕೂ ಮುಟ್ಟಿಸುತ್ತ ಹೋದ. ಟಕ್, ಟಕ್ ಎಂದು ಬೀಗಗಳು ಬಿಚ್ಚಿಕೊಂಡವು. ಆ ಕಾರ್ಡಿಗೆ ನಿಜವಾಗಿ ಇದ್ದ ಅಧಿಕಾರ ಅದೊಂದೇ. ಒಂದು ಸೈಕಲ್ಲನ್ನು ಮಾವನ ಮುಂದೆ ನಿಲ್ಲಿಸಿ, ಸೀಟು ಒರೆಸಿದ.

ಓಬಣ್ಣನವರು ಅದನ್ನು ಜೀಪನ್ನು ನೋಡುವಂತೆ ನೋಡಿ, ಪಂಚೆ ಮೇಲೆತ್ತಿ ಕಟ್ಟಿ ಹತ್ತಿದರು. ನೆಂಟರೂ ಒಬ್ಬೊಬ್ಬರಾಗಿ ಹತ್ತಿದರು. ಸಾವು ನೋಡಲು ನೆರೆದಿದ್ದ ಊರಿನವರೂ ಬೀಗ ಬಿಚ್ಚಿದ್ದನ್ನು ಕಂಡು ಉಳಿದ ಸೈಕಲ್ಲುಗಳನ್ನೆಲ್ಲ ಹತ್ತಿದರು. ಎಷ್ಟೋ ವರ್ಷದಿಂದ ಸೈಕಲ್ ಮುಟ್ಟದ ಹೆಂಗಸರೂ ಸೆರಗು ಸಿಕ್ಕಿಸಿ ಹತ್ತಿದರು. ತುಳಿಯಲು ಬಾರದ ಶಿವಲಕ್ಷ್ಮಮ್ಮನನ್ನು ಪೋತಪ್ಪ ಬೀದಿಯ ಕೊನೆಗೆ ನಡೆಸಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದ. ಸಾವಿಗೆಂದು ಬಂದ ಬಳಗ ಹಸಿರು ಸೈಕಲ್ಲುಗಳ ಮೇಲೆ ಸಾಲಾಗಿ ಬೆಲ್ ಹೊಡೆಯುತ್ತ ಪರಿಗಿ ರೋಡು ಹಿಡಿಯಿತು. ಫ್ಯಾಕ್ಟರಿಯಿಂದ ಬಸ್‌ಸ್ಟ್ಯಾಂಡಿನ ಕಡೆಗೆ ಇಷ್ಟು ಸೈಕಲ್ಲುಗಳು ತಾವಾಗಿ ಹೊರಟದ್ದು ಕಂಪನಿ ಹುಟ್ಟಿದ ಮೇಲೆ ಅದೇ ಮೊದಲು.

ಕೊನೆಗೆ ನಾಗರತ್ನ ಉಳಿದಳು. ಓಬುಳಪತಿಯ ಮುಖದಲ್ಲಿ ಸ್ವಲ್ಪ ಆಸೆ ಮೂಡಿತು.

“ನಿಜ ಹೇಳ್ದೆನಲ್ಲ,” ಎಂದ. “ಹೇಳಿದ್ ದಿನಾನೇ ಬತ್ತೀನಿ ಅಂದಿದ್ದೆ.”

“ಅಂದಿದ್ದೆ.” ಅವಳು ಅವನನ್ನೇ ನೋಡುತ್ತಿದ್ದಳು. “ನಿನ್ಗೆ ಯಾವಾಗ ಎಚ್ರ ಆಯ್ತು?”

ಈಗಷ್ಟೇ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಂದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ. ಓಬುಳಪತಿ ಅದನ್ನು ನುಂಗಿದ.

“ಬೆಳಗ್ಗೇನೆ. ಪೋತಪ್ಪ ಹೊಗಳ್ತಿದ್ನಲ್ಲ, ಆವಾಗ.”

“ಬೆಳಗ್ಗೆ,” ಎಂದಳು ನಾಗರತ್ನ. “ನೀನ್ ಬಾಗ್ಲು ತೆಗೆದಿದ್ರೆ ನಾವು ಮನೇನೇ ಬಿಡ್ತಿರ್ಲಿಲ್ಲ. ಗಾಡಿನಾಗೆ ನಮ್ಮಮ್ಮ ದಾರಿ ಉದ್ದಕ್ಕೂ ನನ್ ಬಳೆ ಮುಟ್ಕಂಡು ಅಳ್ತಾ ಬಂದ್ಲು.”

ಅವಳು ಒಂದು ಸೈಕಲ್ ಎತ್ತಿ ನಿಲ್ಲಿಸಿಕೊಂಡಳು.

“ಭಾನುವಾರ ಬಾ ಕಲ್ಯಾಣದುರ್ಗಕ್ಕೆ. ನಾನೂ ಬಾಗ್ಲು ಬೇಗ ತೆಗಿಯಲ್ಲ. ಹೊರಗೆ ನಿಂತ್ಕಂಡಿರೋದು ಹೆಂಗಿರ್ತದೆ ಅಂತ ನೀನೂ ನೋಡು.”

ಅವಳು ಹೋದ ಮೇಲೆ ಅಂಗಳ ಖಾಲಿಯಾಗಿತ್ತು. ರಂಗೋಲಿಗೆ ಬೇಕಾದಷ್ಟು ಜಾಗವಿತ್ತು. ಅಕ್ಕಿ ಡಬ್ಬದೊಳಗೆ ಫೋನು ಜೀವ ಬಂದು ಕೂಗಿತು. ಚಂದ್ರಮೋಹನ್. ಬದುಕಿರುವವರಿಗೆ ಸೀನಿಯರ್ ಹುದ್ದೆ ಕೊಡುವ ನಿಯಮವಿಲ್ಲವೆಂದು ಮೊದಲು ತಿಳಿಸಿದ. ಆಮೇಲೆ, ಹಬ್ಬಿನಲ್ಲಿ ಸೈಕಲ್ಲುಗಳೇ ಇಲ್ಲ, ಎಲ್ಲ ಬಸ್‌ಸ್ಟ್ಯಾಂಡಿನಲ್ಲಿ ರಾಶಿ ಬಿದ್ದಿವೆ, ಇದೇನು ಬ್ಯಾಲೆನ್ಸು, ಅರ್ಧ ವಾಪಸ್ ತಂದು ಹಾಕು ಎಂದ. ಓಬುಳಪತಿ ಬಂಡಿ ಎಳೆದುಕೊಂಡು ಹೊರಟ.

ಭಾನುವಾರ ಅವನು ಕಲ್ಯಾಣದುರ್ಗಕ್ಕೆ ಹೋದ. ಕೊರಳಲ್ಲಿ ಕಾರ್ಡು ಇರಲಿಲ್ಲ. ಬಾಗಿಲು ತಟ್ಟಿದ. ಒಳಗೆ ಬಳೆ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಜಗಲಿಯ ಮೇಲೆ ಕೂತ. ಬಿಸಿಲು ಜಗಲಿಗೆ ಏರಿತು.

ನಲ್ಲಿಯಿಂದ ಬರುತ್ತಿದ್ದ ಅದೇ ಬೀದಿಯ ಪೋಲಮ್ಮಜ್ಜಿ ಕೊಡ ಇಳಿಸಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

“ಯಾರಪ್ಪ ಅದು? ಓಬಣ್ಣನ ಅಳಿಯನಾ? ಆಫೀಸರ್ ಅಲ್ವಾ ನೀನು?”

“ಅಲ್ಲ ಅಜ್ಜಿ. ಸೈಕಲ್ ತಳ್ತೀನಿ, ಹಿಂದೂಪುರದಾಗೆ.”

ಅಜ್ಜಿಗೆ ಕಿವಿ ಮಂದ. “ಏನಂದೆ?” ಎಂದಳು.

ಓಬುಳಪತಿ ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ. “ಸೈಕಲ್ ತಳ್ತೀನಿ ಅಜ್ಜಿ! ಸೈಕಲ್ ತಳ್ಳೋನು!”

ಎದುರು ಮನೆಯ ಕಿಟಕಿ ತೆರೆಯಿತು. ಗಿರಣಿಯ ಕಡೆ ಹೋಗುತ್ತಿದ್ದವರು ನಿಂತರು. ಅವರು ಕೇಳಿದ್ದಕ್ಕೂ ಅವನು ಅದನ್ನೇ ಹೇಳಿದ. ಅವರ ಹಿಂದೆ ಬಂದವರಿಗೂ ಹೇಳಿದ. ಹೇಳುತ್ತ ಹೇಳುತ್ತ ಗಂಟಲು ಒಣಗಿ ಮತ್ತೆ ಜಗಲಿಯ ಮೇಲೆ ಕೂತಾಗ, ಬೆನ್ನ ಹಿಂದೆ, ಬಾಗಿಲಿನ ಆ ಬದಿಯಲ್ಲಿ, ಬಹಳ ಹತ್ತಿರದಲ್ಲಿ ಬಳೆ ಸದ್ದಾಯಿತು. ಚಿಲಕದ ಮೇಲೆ ಯಾರೋ ಕೈ ಇಟ್ಟರು.

ತೆಗೆದ ಸದ್ದಲ್ಲ. ಇಟ್ಟ ಸದ್ದು. ಓಬುಳಪತಿ ತಿರುಗಿ ನೋಡದೆ ಕಾಯುತ್ತ ಕೂತ.